ಏಷ್ಯಾವನ್ನು ಗೆದ್ದ ಶಾಲಾ ಶಿಕ್ಷಕ: ಸೈಯದ್ ಅಬ್ದುಲ್ ರಹೀಮ್

1956ರ ನವೆಂಬರ್ 1ನ್ನು ನಮ್ಮ ಭಾಗದ ಕನ್ನಡಿಗರು ಸುಲಭವಾಗಿ ಮರೆಯಲಾರರು. ಅಂದು ಹೈದರಾಬಾದ್ ರಾಜ್ಯವು ಭಾಷೆಯ ಆಧಾರದ ಮೇಲೆ ಹಂಚಿಹೋಯಿತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ತಾಲೂಕೂ ಮಹಬೂಬನಗರ ಜಿಲ್ಲೆಗೆ ಸೇರಿ, ಹೊಸದಾಗಿ ಹುಟ್ಟಿದ ಆಂಧ್ರಪ್ರದೇಶದ ಪಾಲಾದವು. ರಾಯಚೂರು, ಗುಲ್ಬರ್ಗಾ, ಬೀದರ್‌ಗಳ ಕನ್ನಡ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಬಂಧುಬಳಗ ಆಚೆ ಉಳಿಯಿತು, ಹೊಲಮನೆ ಈಚೆ ಉಳಿಯಿತು.

ಸರಿಯಾಗಿ ಒಂದು ತಿಂಗಳ ಬಳಿಕ, ಡಿಸೆಂಬರ್ 1ರಂದು, ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ ಭಾರತದ ಕಾಲ್ಚೆಂಡಿನ ತಂಡವು ಆತಿಥೇಯ ಆಸ್ಟ್ರೇಲಿಯಾವನ್ನು 4–2 ಗೋಲುಗಳಿಂದ ಸೋಲಿಸಿ ಒಲಿಂಪಿಕ್ಸ್‌ನ ಉಪಾಂತ್ಯ ಪಂದ್ಯಕ್ಕೆ ಏರಿತು. ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ಆ ಹಂತವನ್ನು ಮುಟ್ಟಿರಲಿಲ್ಲ. ಆ ತಂಡವನ್ನು ತಯಾರು ಮಾಡಿದವರು ಹೈದರಾಬಾದ್ ನಗರದ ಒಬ್ಬ ಶಾಲಾ ಶಿಕ್ಷಕರು. ಅವರ ಹೆಸರು ಸೈಯದ್ ಅಬ್ದುಲ್ ರಹೀಮ್. ನಮ್ಮ ಹಿರಿಯರು ಯಾವ ರಾಜ್ಯದ ಪ್ರಜೆಗಳಾಗಿದ್ದರೋ ಅದೇ ರಾಜ್ಯದಲ್ಲಿ ಹುಟ್ಟಿ, ಅಲ್ಲಿನ ಶಾಲೆಗಳಲ್ಲಿಯೇ ಪಾಠ ಹೇಳಿದವರು. ಅವರ ಬದುಕನ್ನು ಕನ್ನಡ ಶಾಲೆಯ ಮಕ್ಕಳೂ ಅವರ ಪಾಲಕರೂ ತಿಳಿದಿರುವುದು ಅವಶ್ಯ.

ಓದು ಮತ್ತು ಆಟ

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಾ ಪದವಿಯನ್ನು ಪಡೆದರು. 1918ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವು ಇಂಗ್ಲಿಷನ್ನು ಬಿಟ್ಟು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ನೀಡಲು ಹೊರಟ ದೇಶದ ಮೊದಲ ವಿಶ್ವವಿದ್ಯಾಲಯವೆಂದು ಹೆಸರಾಗಿದೆ. ಆ ಭಾಷೆ ಉರ್ದು. ಇದಕ್ಕೆ ಎರಡು ಮುಖಗಳಿದ್ದವು. ವಿಜ್ಞಾನ, ವೈದ್ಯ, ಕಾನೂನುಗಳನ್ನು ದೇಶದ ಭಾಷೆಯಲ್ಲಿಯೇ ಕಲಿಸಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ಅದೇ ರಾಜ್ಯದ ಕನ್ನಡ, ತೆಲುಗು, ಮರಾಠಿ ಮಾತಿನ ಜನರಿಗೆ ಆ ಸೌಲಭ್ಯ ಅವರವರ ಭಾಷೆಯಲ್ಲಿ ದೊರೆಯಲಿಲ್ಲ. ನಮ್ಮ ಸೀಮೆಯ ಅನೇಕ ಹಿರಿಯರು ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಉರ್ದುವನ್ನು ಕಲಿತವರೇ. ರಹೀಮರಿಗೆ ದೊರೆತ ಅನುಕೂಲವನ್ನು ಹೇಳುವಾಗ ಈ ಮಾತನ್ನು ಮರೆಮಾಚಬೇಕಾಗಿಲ್ಲ.

ವಿದ್ಯಾರ್ಥಿಯಾಗಿದ್ದಾಗ ರಹೀಮರು ವಿಶ್ವವಿದ್ಯಾಲಯದ ಕಾಲ್ಚೆಂಡಿನ ತಂಡದಲ್ಲಿ ಆಡಿದರು. ಆಮೇಲೆ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳು ಕೂಡಿ ಕಟ್ಟಿಕೊಂಡಿದ್ದ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲಿ, ಅನಂತರ ಕಮರ್ ಕ್ಲಬ್ಬಿನಲ್ಲಿ ಆಡಿದರು. ಆದರೆ ಅವರ ಹೆಸರು ಉಳಿದದ್ದು ಆಟಗಾರನಾಗಿ ಅಲ್ಲ, ಆಟವನ್ನು ಕಲಿಸಿದವರಾಗಿ.

ಕಾಚಿಗುಡದ ಮಾಧ್ಯಮಿಕ ಶಾಲೆ, ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ, ಇವು ಅವರು ಶಿಕ್ಷಕರಾಗಿ ದುಡಿದ ಸ್ಥಳಗಳು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾವನ್ನು ಮುಗಿಸಿಕೊಂಡು ಬಂದು, ಕೊನೆಯ ಎರಡು ಶಾಲೆಗಳಲ್ಲಿ ಆಟೋಟಗಳ ಹೊಣೆಯನ್ನೂ ವಹಿಸಿಕೊಂಡರು. ಮಗುವಿನ ಶಕ್ತಿಯನ್ನು ಅಳೆದು ಕಲಿಸುವುದು, ಕಠಿಣವಾದುದನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆಯುವುದು, ಒಂದೇ ಪಾಠವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ತರಗತಿಯ ದಿನನಿತ್ಯದ ಕೆಲಸ. ಮುಂದೆ ಅವರು ದೇಶದ ತಂಡಕ್ಕೆ ತರಬೇತಿ ಕೊಟ್ಟಾಗಲೂ ಅವರ ಕ್ರಮ ಇದೇ ಆಗಿತ್ತು.

ಎಡಗಾಲಿನ ಪಂದ್ಯ

1943ರಲ್ಲಿ ರಹೀಮರು ಹೈದರಾಬಾದ್ ಫುಟ್ಬಾಲ್ ಸಂಘದ ಕಾರ್ಯದರ್ಶಿಯಾದರು. ಆಗ ನಮ್ಮ ದೇಶದಲ್ಲಿ ಚೆಂಡು ಸಿಕ್ಕವನು ಅದನ್ನು ಬಿಡದೆ, ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ತಪ್ಪಿಸಿಕೊಂಡು ಓಡುವುದೇ ದೊಡ್ಡ ಆಟವೆಂದು ಭಾವಿಸಲಾಗುತ್ತಿತ್ತು. ನೋಡುವವರಿಗೆ ಅದು ಸೊಗಸಾಗಿ ಕಾಣುತ್ತಿತ್ತು. ಆದರೆ ಉಳಿದ ಹತ್ತು ಜನರಿಗೆ ಕೆಲಸವಿರುತ್ತಿರಲಿಲ್ಲ, ಎದುರಾಳಿಯ ಕಾವಲುಗಾರರು ತಮ್ಮ ಸ್ಥಾನಕ್ಕೆ ಮರಳಲು ಬೇಕಾದ ಸಮಯವೂ ಸಿಗುತ್ತಿತ್ತು.

ರಹೀಮರು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು. ಚೆಂಡನ್ನು ಉರುಳಿಸಿಕೊಂಡು ಓಡಲು ಅವಕಾಶವೇ ಇಲ್ಲದ ಪಂದ್ಯಗಳನ್ನು ಹುಡುಗರಿಗಾಗಿ ಏರ್ಪಡಿಸಿದರು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ದಾಟಿಸಲೇಬೇಕು. ಹಾಗೆ ದಾಟಿಸಬೇಕಾದರೆ ಚೆಂಡು ಬರುವ ಮೊದಲೇ ತಲೆಯೆತ್ತಿ ಯಾರು ಎಲ್ಲಿದ್ದಾರೆಂದು ನೋಡಿರಬೇಕು. ಚೆಂಡಿಲ್ಲದವನೂ ಸುಮ್ಮನೆ ನಿಲ್ಲದೆ ತೆರವಾದ ಜಾಗಕ್ಕೆ ಓಡಬೇಕು. ಹೀಗೆ ಒಂದೇ ನಿಯಮದಿಂದ ಹನ್ನೊಂದು ಮಂದಿಯೂ ಆಟದಲ್ಲಿ ತೊಡಗುವಂತಾಯಿತು.

ಇನ್ನೊಂದು ಬಗೆಯ ಪಂದ್ಯದಲ್ಲಿ ದುರ್ಬಲವಾದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕಾಗಿತ್ತು. ಬಲಗಾಲಿನ ಹುಡುಗ ಎಡಗಾಲನ್ನೂ, ಎಡಗಾಲಿನವನು ಬಲಗಾಲನ್ನೂ ಬಳಸಬೇಕು. ಮೊದಮೊದಲು ಚೆಂಡು ಎಲ್ಲೆಲ್ಲಿಗೋ ಹೋಗುವುದು ಸಹಜ. ಆದರೆ ಎಲ್ಲರೂ ಸಮಾನವಾಗಿ ತಡವರಿಸುವಾಗ ಯಾರಿಗೂ ನಾಚಿಕೆಯಾಗುವುದಿಲ್ಲ. ಅಭ್ಯಾಸವಾದ ಮೇಲೆ ಎರಡೂ ಕಾಲುಗಳಿಂದ ಆಡಬಲ್ಲ ಆಟಗಾರ ಸಿದ್ಧನಾಗುತ್ತಾನೆ. ಅವನು ಯಾವ ಕಡೆಗೆ ತಿರುಗುವನೆಂದು ಎದುರಾಳಿಗೆ ಊಹಿಸಲು ಆಗುವುದಿಲ್ಲ. ಈ ಎರಡು ಅಭ್ಯಾಸಗಳಿಗೂ ಹಣದ ಖರ್ಚಿಲ್ಲ. ಒಂದು ಚೆಂಡು, ಒಂದು ಬಯಲು, ನಿಯಮವನ್ನು ಪಾಲಿಸುವಂತೆ ನೋಡಿಕೊಳ್ಳುವ ಒಬ್ಬ ಶಿಕ್ಷಕ ಇದ್ದರೆ ಸಾಕು.

1950ರಿಂದ ರಹೀಮರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ಕಾಲದಲ್ಲಿ ಕಾಲ್ಚೆಂಡೆಂದರೆ ಕಲಕತ್ತೆ ಎಂಬ ಮಾತಿತ್ತು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗಳಂತಹ ಹೆಸರಾಂತ ಕ್ಲಬ್ಬುಗಳು ಅಲ್ಲಿದ್ದವು. ಅಂತಹ ದಿನಗಳಲ್ಲಿ ದಖ್ಖನ್ನಿನ ಪೊಲೀಸರ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ಸಲ ಗೆದ್ದಿತು. ದೇಶದ ಅತಿ ಹಳೆಯ ಕಾಲ್ಚೆಂಡಿನ ಸ್ಪರ್ಧೆಯಾದ ಡ್ಯುರಾಂಡ್ ಕಪ್ಪನ್ನೂ 1950ರಲ್ಲಿ ಪಡೆಯಿತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ತಂಡವು 1956 ಮತ್ತು 1957ರಲ್ಲಿ ಒಂದರ ಹಿಂದೊಂದರಂತೆ ಗೆದ್ದುಕೊಂಡಿತು.

ಆಟಗಾರರ ಮನೆಯ ಸ್ಥಿತಿಯೂ ರಹೀಮರಿಗೆ ತಿಳಿದಿತ್ತು. ಸಿಕಂದರಾಬಾದ್ ಬಳಿಯ ಅಮ್ಮುಗೂಡದ ಬಡ ಕುಟುಂಬದ ತುಳಸೀದಾಸ್ ಬಲರಾಮ್ ಎಂಬ ಹುಡುಗನ ಆಟ ಅವರ ಕಣ್ಣಿಗೆ ಬಿತ್ತು. ಅಭ್ಯಾಸಕ್ಕಾಗಿ ದಿನಾಲು ಹೈದರಾಬಾದಿಗೆ ಬರಲು ಆ ಹುಡುಗನ ಬಳಿ ಹಣವಿರಲಿಲ್ಲ. ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಮರೇ ಕೊಟ್ಟರೆಂಬುದನ್ನು ಬಲರಾಮರು ಮುಂದೆ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಆ ಹುಡುಗ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದನು.

ಬರಿಗಾಲಿನಿಂದ ಬೂಟಿಗೆ

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 1–2ರಿಂದ ಸೋತಿದ್ದರು. ಭಾರತದ ಆ ಒಂದು ಗೋಲನ್ನು ಗಳಿಸಿದವರು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್.

1951ರ ಮಾರ್ಚಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆದಾಗ ತಂಡದ ತರಬೇತಿ ರಹೀಮರ ಕೈಯಲ್ಲಿತ್ತು. ಶೈಲೇನ್ ಮನ್ನಾ ನಾಯಕರಾಗಿದ್ದ ಭಾರತವು ಇಂಡೋನೇಷ್ಯಾವನ್ನೂ ಅಫ್ಘಾನಿಸ್ತಾನವನ್ನೂ 3–0 ಅಂತರದಿಂದ ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನವನ್ನು ಗೆದ್ದಿತು.

ಮರುವರ್ಷವೇ ಆಘಾತ ಕಾದಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ತಂಡವು ಭಾರತವನ್ನು 10–1ರಿಂದ ಸೋಲಿಸಿತು. ಫಿನ್ಲೆಂಡಿನ ಚಳಿಯಲ್ಲಿ ನಮ್ಮ ಅನೇಕ ಆಟಗಾರರು ಬರಿಗಾಲಿನಲ್ಲಿದ್ದರು. ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಈ ಸೋಲಿನ ತರುವಾಯ ಬೂಟು ಧರಿಸಿ ಆಡುವುದನ್ನು ದೇಶದಲ್ಲಿ ಕಡ್ಡಾಯಗೊಳಿಸಲಾಯಿತು. ಬಾಲ್ಯದಿಂದ ಬರಿಗಾಲಿನಲ್ಲಿ ಆಡಿದವನಿಗೆ ಬೂಟಿನಲ್ಲಿ ಚೆಂಡಿನ ಸ್ಪರ್ಶವೇ ಬೇರೆಯಾಗಿ ತೋರುತ್ತದೆ. ಇಡೀ ಒಂದು ಪೀಳಿಗೆ ತನ್ನ ಆಟವನ್ನು ಹೊಸದಾಗಿ ಕಲಿಯಬೇಕಾಯಿತು.

ಹತ್ತು ಗೋಲುಗಳ ಸೋಲನ್ನು ಉಂಡ ತಂಡದ ತರಬೇತುದಾರನ ಸ್ಥಿತಿ ಹೇಗಿರಬಹುದೆಂಬುದು, ಫಲಿತಾಂಶ ಕೆಟ್ಟ ವರ್ಷ ಶಿಕ್ಷಕರ ಮೇಲೆ ಬರುವ ಮಾತುಗಳನ್ನು ಕೇಳಿದವರಿಗೆ ಗೊತ್ತು. ರಹೀಮರು ಕೆಲಸವನ್ನು ಬಿಡಲಿಲ್ಲ.

ಮೆಲ್ಬೋರ್ನಿನಲ್ಲಿ

ನಾಲ್ಕು ವರ್ಷಗಳ ಅನಂತರ ಅವರು ಮೆಲ್ಬೋರ್ನಿಗೆ ಕರೆದೊಯ್ದ ತಂಡದ ನಾಯಕ ಬಂಗಾಳದ ಸಮರ್ ಬ್ಯಾನರ್ಜಿ. ಹೈದರಾಬಾದಿನ ಅಜೀಜ್, ನೂರ್ ಮಹಮ್ಮದ್, ಬಲರಾಮ್, ಜುಲ್ಫಿಕರ್ ಅವರಲ್ಲದೆ ಮೈಸೂರು ರಾಜ್ಯದ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಬಂಗಾಳಿ, ಉರ್ದು, ತಮಿಳು, ಕನ್ನಡ, ಕೊಂಕಣಿ ಸೀಮೆಗಳಿಂದ ಬಂದವರು ಒಂದೇ ತಂಡವಾಗಿ ಆಡಿದರು.

ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೇರಿ ತಂಡವು ಆ ದೇಶದಲ್ಲಿ ಎದ್ದ ರಾಜಕೀಯ ಕ್ಷೋಭೆಯ ಸಮಯದಲ್ಲಿ ಸ್ಪರ್ಧೆಯಿಂದ ಹಿಂದೆ ಸರಿಯಿತು. ಆಸ್ಟ್ರೇಲಿಯಾದ ವಿರುದ್ಧ ಮುಂಬಯಿಯ ನೆವಿಲ್ ಡಿಸೋಜ ಮೂರು ಗೋಲುಗಳನ್ನು ಬಾರಿಸಿದರು. ಒಲಿಂಪಿಕ್ಸ್ ಕಾಲ್ಚೆಂಡಿನ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲ ಏಷ್ಯನ್ ಅವರು. ನಾಲ್ಕನೆಯದು ಕಿಟ್ಟು ಅವರದು.

ಉಪಾಂತ್ಯ ಪಂದ್ಯದಲ್ಲಿ ಮತ್ತೆ ಯುಗೋಸ್ಲಾವಿಯಾವೇ ಎದುರಾಯಿತು. ಹೆಲ್ಸಿಂಕಿಯಲ್ಲಿ ಹತ್ತು ಗೋಲು ಹೊಡೆದಿದ್ದ ಆ ದೇಶದ ವಿರುದ್ಧ ಈ ಸಲ ಮೊದಲ ಗೋಲನ್ನು ಗಳಿಸಿದ್ದು ಭಾರತ. ಹೊಡೆದವರು ಮತ್ತೆ ನೆವಿಲ್ ಡಿಸೋಜ. ಆಮೇಲೆ ಯುಗೋಸ್ಲಾವಿಯಾ ಚೇತರಿಸಿಕೊಂಡು 4–1ರಿಂದ ಗೆದ್ದಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯಾಗೆ 0–3ರಿಂದ ಸೋತು ಭಾರತ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ನಮ್ಮ ದೇಶ ಅದಕ್ಕಿಂತ ಮೇಲೆ ಇಂದಿಗೂ ಏರಿಲ್ಲ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿ ನಾಯಕರಾಗಿದ್ದರು. ಬಲಿಷ್ಠ ಹಂಗೇರಿಯ ಎದುರು ಭಾರತ ಸೋತದ್ದು 1–2ರಿಂದ ಮಾತ್ರ. ಲಂಡನ್ನಿನಲ್ಲಿ ಸೋಲಿಸಿದ್ದ ಫ್ರಾನ್ಸಿನೊಡನೆ 1–1ರ ಸಮಬಲ ಸಾಧಿಸಿತು. ಪೆರುವಿನ ಎದುರು 1–3ರಿಂದ ಸೋತು ಹಿಂದಿರುಗಿತು. ರಹೀಮರ ಮಗ ಸೈಯದ್ ಶಾಹಿದ್ ಹಕೀಮ್ ಕೂಡ ಆ ತಂಡದ ಸದಸ್ಯರಾಗಿದ್ದರು. ಆದರೆ ಅವರಿಗೆ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ದೊರೆಯಲಿಲ್ಲ. ತಂದೆಯೇ ತರಬೇತುದಾರರಾಗಿದ್ದರೂ ಮಗನು ಹೊರಗೇ ಕುಳಿತನು.

ಜಕಾರ್ತಾದ ಚಿನ್ನ

1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯಾದ ಜಕಾರ್ತಾದಲ್ಲಿ ನಡೆಯಿತು. ಆ ಹೊತ್ತಿಗೆ ರಹೀಮರ ಶ್ವಾಸಕೋಶವನ್ನು ಕ್ಯಾನ್ಸರ್ ಹಿಡಿದಿತ್ತು. ಆ ದೇಹಸ್ಥಿತಿಯಲ್ಲಿಯೇ ಅವರು ಚುನಿ ಗೋಸ್ವಾಮಿ ನಾಯಕರಾಗಿದ್ದ ತಂಡವನ್ನು ಕರೆದುಕೊಂಡು ಹೋದರು.

ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ಭಾರತವನ್ನು 2–0ಯಿಂದ ಸೋಲಿಸಿತು. ಬಳಿಕ ಭಾರತ ಥಾಯ್ಲೆಂಡನ್ನು 4–1ರಿಂದಲೂ ಜಪಾನನ್ನು 2–0ಯಿಂದಲೂ ಸೋಲಿಸಿತು. ಈ ನಡುವೆ ರಕ್ಷಣಾ ಸಾಲಿನ ಆಧಾರಸ್ತಂಭವಾಗಿದ್ದ ಪಂಜಾಬಿನ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡರು. ಹೊಲಿಗೆ ಹಾಕಿದ ಗಾಯದೊಡನೆ ಹಿಂದಿನ ಸಾಲಿನಲ್ಲಿ ಆಡುವುದು ಕಷ್ಟ. ರಹೀಮರು ಅವರನ್ನು ಹೊರಗೆ ಕೂರಿಸಲಿಲ್ಲ. ಮುಂದಿನ ಸಾಲಿಗೆ ತಂದು, ಗೋಲು ಹೊಡೆಯುವ ಜಾಗದಲ್ಲಿ ನಿಲ್ಲಿಸಿದರು. ಎತ್ತರದ, ಗಟ್ಟಿಮುಟ್ಟಾದ ಆ ಆಟಗಾರನಲ್ಲಿ ಇನ್ನೂ ಏನು ಶಕ್ತಿ ಉಳಿದಿದೆಯೋ ಅದನ್ನು ಬಳಸುವ ಸ್ಥಾನವನ್ನು ಹುಡುಕಿದರು. ದಕ್ಷಿಣ ವಿಯೆಟ್ನಾಮನ್ನು 3–2ರಿಂದ ಸೋಲಿಸಿದ ಉಪಾಂತ್ಯ ಪಂದ್ಯದಲ್ಲಿ ಜರ್ನೈಲ್ ಸಿಂಗ್ ಒಂದು ಗೋಲನ್ನು ಹೊಡೆದರು.

ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ದೂರವಿಟ್ಟುದನ್ನು ಭಾರತದ ಕ್ರೀಡಾ ಪ್ರತಿನಿಧಿ ಗುರುದತ್ ಸೋಂಧಿ ಪ್ರಶ್ನಿಸಿದ್ದರಿಂದ ಸ್ಥಳೀಯರು ಭಾರತದ ಮೇಲೆ ಕೆರಳಿದ್ದರು. ಕ್ರೀಡಾಂಗಣದ ತುಂಬ ಭಾರತದ ವಿರುದ್ಧ ಕೂಗು. ಜ್ವರದಿಂದ ನರಳಿದ್ದ ಪೀಟರ್ ತಂಗರಾಜ್ ಗೋಲಿನ ಮುಂದೆ ನಿಂತರು. ಮೊದಲ ಇಪ್ಪತ್ತು ನಿಮಿಷಗಳಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಗಳಿಸಿದರು. ಕೊನೆಯ ಹೊತ್ತಿನಲ್ಲಿ ಕೊರಿಯಾ ಒಂದನ್ನು ಹಿಂದಿರುಗಿಸಿತು. 2–1ರಿಂದ ಗೆದ್ದ ಭಾರತ ಎರಡನೆಯ ಸಲ ಏಷ್ಯನ್ ಕೂಟದ ಚಿನ್ನವನ್ನು ಪಡೆಯಿತು.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು. ಆಗ ಅವರಿಗೆ 53 ವರ್ಷ.

ಅವರ ನಂತರ

ಅವರ ಗರಡಿಯಲ್ಲಿ ಬೆಳೆದ ಹೈದರಾಬಾದಿನ ಸೈಯದ್ ನಯೀಮುದ್ದೀನ್ 1970ರ ಬ್ಯಾಂಕಾಕ್ ಕೂಟದಲ್ಲಿ ನಾಯಕರಾಗಿ ದೇಶಕ್ಕೆ ಕಂಚನ್ನು ತಂದರು. ಅಲ್ಲಿಂದೀಚೆಗೆ ಏಷ್ಯನ್ ಕೂಟದ ಕಾಲ್ಚೆಂಡಿನಲ್ಲಿ ಭಾರತಕ್ಕೆ ಪದಕ ಬಂದಿಲ್ಲ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ, ರಹೀಮರು ಅಗಲಿ 22 ವರ್ಷಗಳು ಕಳೆದ ಮೇಲೆ. 2024ರಲ್ಲಿ ಅವರ ಬದುಕನ್ನು ಆಧರಿಸಿದ ಮೈದಾನ್ ಎಂಬ ಹಿಂದಿ ಚಲನಚಿತ್ರ ತೆರೆಕಂಡಿತು. ಅನೇಕ ಮಕ್ಕಳು ಅವರ ಹೆಸರನ್ನು ಕೇಳಿದ್ದು ಆಗಲೇ.

ರಹೀಮರ ಕಾಲದಲ್ಲಿ ಹೆಣ್ಣುಮಕ್ಕಳ ಕಾಲ್ಚೆಂಡಿಗೆ ದೇಶದಲ್ಲಿ ವ್ಯವಸ್ಥೆ ಇರಲಿಲ್ಲ. ಮಹಿಳಾ ಫುಟ್ಬಾಲ್ ಒಕ್ಕೂಟ ರೂಪುಗೊಂಡದ್ದು 1975ರಲ್ಲಿ. ಕೆಲವೇ ವರ್ಷಗಳಲ್ಲಿ ನಮ್ಮ ಮಹಿಳೆಯರು ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಎರಡು ಸಲ ಅಂತಿಮ ಪಂದ್ಯವನ್ನು ತಲುಪಿದರು. ಇಂದು ನಮ್ಮದೇ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಸೌಮ್ಯಾ ಗುಗುಲೋತ್ ಭಾರತದ ಮಹಿಳಾ ತಂಡದಲ್ಲಿ ಆಡುತ್ತಿರುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ತಿಳಿಸಬೇಕು. ಏಳನೆಯ ತರಗತಿ ದಾಟಿದ ಹುಡುಗಿಗೆ ಆಟ ಸಾಕು, ಮನೆಗೆಲಸ ಕಲಿಯಲಿ ಎನ್ನುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ.

ಜೂರಾಲದ ಹಿನ್ನೀರಿನ ಎರಡೂ ಕಡೆ, ಕೃಷ್ಣಾ, ಮಾಗನೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲ ಭಾಗಗಳ ಪಾಲಕರಿಗೆ ಪ್ರತಿ ಜೂನ್ ತಿಂಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಮಗುವನ್ನು ಕನ್ನಡ ಶಾಲೆಯಲ್ಲಿಯೇ ಉಳಿಸಬೇಕೇ, ಬೇರೆ ಮಾಧ್ಯಮಕ್ಕೆ ಹಾಕಬೇಕೇ ಎಂದು ಅವರು ತೂಗಿ ನೋಡುತ್ತಾರೆ. ಖಾಸಗಿ ಶಾಲೆಯ ಬಸ್ಸು, ಸಮವಸ್ತ್ರ, ಇಂಗ್ಲಿಷ್ ಮಾತು ಕಣ್ಣಿಗೆ ಕಾಣುತ್ತವೆ. ನಮ್ಮ ಶಾಲೆಗಳಲ್ಲಿ ವಿಷಯ ಶಿಕ್ಷಕರ ಕೊರತೆಯಿದೆ, ಹಲವು ಕಡೆ ದೈಹಿಕ ಶಿಕ್ಷಕರೇ ಇಲ್ಲ. ಈ ಹುದ್ದೆಗಳನ್ನು ತುಂಬಬೇಕೆಂಬ ನಮ್ಮ ಬೇಡಿಕೆ ನ್ಯಾಯವಾದುದು. ಅದನ್ನು ನಾವು ಬಿಡಬಾರದು. ಆದರೆ ಮಗು ಎತ್ತರಕ್ಕೆ ಏರುವುದಕ್ಕೆ ದೊಡ್ಡ ಕಟ್ಟಡವೂ ಇಂಗ್ಲಿಷ್ ಮಾಧ್ಯಮವೂ ಬೇಕೇ ಬೇಕೆಂಬ ಮಾತಿಗೆ ರಹೀಮರ ಬದುಕು ಉತ್ತರ ಕೊಡುತ್ತದೆ. ಅವರು ದೇಶದ ಭಾಷೆಯಲ್ಲಿ ಪಾಠ ನಡೆಯುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಓದಿದರು, ಸಾಮಾನ್ಯ ಶಾಲೆಗಳಲ್ಲಿ ಕಲಿಸಿದರು, ಬಾಡಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನನ್ನು ಒಲಿಂಪಿಕ್ಸ್‌ಗೆ ಕಳುಹಿಸಿದರು.

ಜೂನ್ 11 ರಹೀಮರ ಪುಣ್ಯತಿಥಿ. ನಮ್ಮ ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದೂ ಆ ವಾರದ ಆಸುಪಾಸಿನಲ್ಲಿಯೇ. ಶಾಲಾ ಸಮಿತಿಯ ಪಾಲಕರು ಕೂಡಿ ಒಂದು ಚೆಂಡನ್ನು ಕೊಂಡು ತರಲಿ. ಬಯಲಿನ ಕಲ್ಲುಮುಳ್ಳುಗಳನ್ನು ಒಂದು ಭಾನುವಾರ ಎತ್ತಿಹಾಕಲಿ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೊಂದು ಎಡಗಾಲಿನ ಪಂದ್ಯವನ್ನು ಇಡೋಣ. ಪಂದ್ಯದ ಮೊದಲು ಮೈದಾನದಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಅದನ್ನು ಯಾರು ಏಕೆ ಆರಂಭಿಸಿದರೆಂಬುದನ್ನು ಶಿಕ್ಷಕರು ಕನ್ನಡದಲ್ಲಿ ಹತ್ತು ನಿಮಿಷ ಹೇಳಲಿ.